ಅಳತೆಗೆ ನಿಂತವನು

ಕಪಾಟಿನ ಕೊನೆಯ ಖಾನೆಯನ್ನೂ ಎಳೆದು ಮಗಳು ನೆಲದ ಮೇಲೆ ಸುರಿದಳು. ಮತ್ತೆ ಅವೇ ಫೋಟೊಗಳು: ಸೇತುವೆ, ಗಿರಣಿ, ಹೊಗೆಕೊಳವೆ, ಅಣೆಕಟ್ಟು. ಪ್ರತಿಯೊಂದರ ಬುಡದಲ್ಲೂ ಬೆನ್ನು ತೋರಿಸಿ ನಿಂತ ಅಕ್ಕಿಕಾಳಿನಷ್ಟು ಅಪ್ಪ.

"ಮುಖ ಕಾಣೋದು ಒಂದೂ ಇಲ್ವೇನಮ್ಮ? ತಲೆ ಹತ್ರ ಇಡೋಕೆ ಏನಾದ್ರೂ ಬೇಕಲ್ಲ," ಎಂದು ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿದ. ಬೆಳಿಗ್ಗೆ ತೀರಿಕೊಂಡ ಅಣ್ಣನ ಗುರುತಿನ ಚೀಟಿ ಅವನ ಕೈಯಲ್ಲೇ ಇತ್ತು. ಅದರಲ್ಲಿನ ಮುಖ ತೇವ ಕುಡಿದು ಎಂದೋ ಅಳಿಸಿಹೋಗಿತ್ತು.

ಅಪ್ಪ ಲೋಕೋಪಯೋಗಿ ಇಲಾಖೆಯ ಕೂಲಿ. ಹೊಸದಾಗಿ ಏನು ಎದ್ದರೂ ಇಲಾಖೆ ಅದರ ಫೋಟೊ ತೆಗೆಸುತ್ತಿತ್ತು. ಅದೆಷ್ಟು ದೊಡ್ಡದೆಂದು ನೋಡಿದವರಿಗೆ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ಬೇಕು. ಮೂಗಿನ ಮೇಲೆ ನೊಣ ಕುಳಿತು ಸಂಸಾರ ಹೂಡಿದರೂ ಅಪ್ಪ ಕದಲುವ ಪೈಕಿಯಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ಅಳತೆಗೋಲು'. ಮುಖ ಮಾತ್ರ ಕ್ಯಾಮೆರಾದತ್ತ ತಿರುಗಬಾರದೆಂದು ಕಟ್ಟಪ್ಪಣೆಯಿತ್ತು, ನೋಡುವವರ ಕಣ್ಣು ಅತ್ತ ಹೋಗಬಾರದಲ್ಲ. ಬೆನ್ನು ತಿರುಗಿಸಿ ನಿಲ್ಲುವ ಆ ಅಭ್ಯಾಸ ಮನೆಗೂ ಬಂತು. ಅಮ್ಮ ಹೋದ ಮೇಲೆ ಅಪ್ಪ ಮಗಳು ಒಂದೇ ಸೂರಿನಡಿ ಇಬ್ಬರು ಒಂಟಿಗಳಾಗಿ ಬದುಕಿದರು.

*

ಅಮ್ಮ ತೀರಿಕೊಂಡ ಹೊಸತು. ಪುಟ್ಟ ಮಗಳನ್ನು ಬಿಡಲು ಯಾರೂ ಇಲ್ಲದೆ ಅಪ್ಪ ಅವಳನ್ನೂ ಅಣೆಕಟ್ಟಿನ ಬಳಿಗೆ ಕರೆದೊಯ್ದಿದ್ದ. ಕ್ಯಾಮೆರಾದ ಎಡಕ್ಕಿದ್ದ ಜಲ್ಲಿ ರಾಶಿಯ ಮೇಲೆ ಅವಳನ್ನು ಕೂರಿಸಿ, ಹೋಗಿ ಗೋಡೆಯ ಬುಡದಲ್ಲಿ ನಿಂತ. ಅಲ್ಲಿ ಅವನು ಎಷ್ಟು ಚಿಕ್ಕವನಾಗಿ ಕಂಡನೆಂದರೆ, ಅಮ್ಮನ ಹಾಗೆ ಇವನೂ ಇಲ್ಲವಾಗುತ್ತಾನೆಂದು ಅವಳ ಜೀವ ಬಾಯಿಗೆ ಬಂತು.

"ಅಪ್ಪಾ," ಎಂದು ಕೂಗಿದಳು.

ಬೆನ್ನು ಅಲುಗಲಿಲ್ಲ. ಮೊಣಕಾಲಿಗೆ ಮುಖ ಒತ್ತಿಕೊಂಡವಳು ಕೆಲಸ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಅಪ್ಪನನ್ನು ಕರೆಯುವುದನ್ನೇ ಕಡಿಮೆ ಮಾಡಿದಳು.

*

ಇಲಾಖೆಯ ಮುದಿ ಫೋಟೊಗ್ರಾಫರ್ ಕೋಲೂರಿಕೊಂಡು ಬಂದರು. ಕಂಕುಳಲ್ಲಿ ಒಂದು ರಟ್ಟಿನ ಲಕೋಟೆ.

"ಮುಖ ಇರೋದು ನನ್ನ ಹತ್ರಾನೂ ಇಲ್ಲಮ್ಮ. ಇದು ಕೆಟ್ಟುಹೋದದ್ದು. ಎಸೆಯೋಕೆ ಮನಸ್ಸು ಬರಲಿಲ್ಲ."

ಅಣೆಕಟ್ಟಿನ ಒಂದೊಂದು ಕಲ್ಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಬುಡದಲ್ಲಿ ಅಪ್ಪ. ಹೆಗಲ ಮೇಲೆ ತಲೆಯಿರಬೇಕಾದ ಜಾಗದಲ್ಲಿ ಎಡಕ್ಕೆ ಎಳೆದಂತೆ ಒಂದು ಬಿಳಿ ಮಬ್ಬು.

"ಆಗಿನ ಕ್ಯಾಮೆರಾ ನಿಧಾನ, ಅಲುಗಿದ್ದೆಲ್ಲ ಮಬ್ಬಾಗೋದು. ಅಷ್ಟು ವರ್ಷದಲ್ಲಿ ಅವನು ಅಲುಗಾಡಿದ್ದು ಅದೊಂದೇ ಸಲ. ಚೆನ್ನಾಗಿ ಬೈದೆ. 'ಮಗಳು ಕರೆದ್ಲು ಸಾರ್' ಅಂದ."

"ತಿರುಗಿದ್ನಾ ಅಪ್ಪ?"

"ತಿರುಗದೆ ಏನು? ನೀನು ಮುಖ ಮುಚ್ಕೊಂಡು ಕೂತಿದ್ದೆ."

ಒಂದು ಮಾತು ಹೇಳಬಹುದಿತ್ತಲ್ಲ ಎಂದು ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅಳು ಬಂತು.

ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿ, ಇದರಲ್ಲೂ ಮುಖವಿಲ್ಲವಲ್ಲ ಎಂದು ಗೊಣಗಿದ.

"ಇದನ್ನೇ ಇಡಿ ಚಿಕ್ಕಪ್ಪ."

ಅಪ್ಪನ ತಲೆಯ ಬಳಿ ಪುಟ್ಟ ಮೇಜಿನ ಮೇಲೆ ಫೋಟೊ ಇಟ್ಟರು. ಬಂದವರು ಬಗ್ಗಿ ಬಗ್ಗಿ ನೋಡಿ, ಏನೂ ತಿಳಿಯದೆ ಹಿಂದೆ ಸರಿದರು. ನೆಂಟರ ನಡುವೆ ಬಲಗಡೆ ಕುಳಿತಿದ್ದ ಮಗಳು ಎದ್ದು, ತನ್ನ ಕುರ್ಚಿಯನ್ನು ತಾನೇ ಹೊತ್ತು ತಂದು, ಮೇಜಿನ ಎಡಕ್ಕೆ, ಆ ಮಬ್ಬು ಹೊರಳಿದ್ದ ಕಡೆ, ಯಾರೂ ಇಲ್ಲದಲ್ಲಿ ಹಾಕಿಕೊಂಡಳು. ತಲೆ ಎತ್ತಿ ಕುಳಿತಳು.