ಗೆಳೆಯನಿಗೆ ಕೊಡಬಾರದ ಸೂಜಿ

ಮಗ ಸೂಜಿಯ ನಶೆಗೆ ಬಿದ್ದರೆ ತಾಯಿ ಯಾರ ಮುಂದೆ ಹೇಳಿಕೊಳ್ಳಬೇಕು? ಮೇಲವಂಕಿಯ ಹಣಮವ್ವ ಎರಡು ವರ್ಷ ಯಾರ ಮುಂದೆಯೂ ಹೇಳಲಿಲ್ಲ. ಕುರಿ ಮೇಯಿಸುವಾಗ ಒಬ್ಬಳೇ ಅಳುತ್ತಿದ್ದಳು, ಪಾಪ.

ಮಗ ಮುತ್ತಪ್ಪ ಮುಂಬೈ ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಈ ಚಟ ಹತ್ತಿತ್ತು. ಆ ಲಾರಿ ಓಡಿಸುತ್ತಿದ್ದ ಹುಕ್ಕೇರಿಯ ಸಿದ್ರಾಯ ಅವನ ಜೀವದ ಗೆಳೆಯ. ರಕ್ತ ಪರೀಕ್ಷೆಯಲ್ಲಿ ಇಬ್ಬರಿಗೂ ಎಚ್‌ಐವಿ ಇರುವುದು ಗೊತ್ತಾಯಿತು. ಊರಿಗೆ ಬಂದು ಸರ್ಕಾರಿ ಆಸ್ಪತ್ರೆಯ ಗುಳಿಗೆ ಶುರು ಮಾಡಿದರು. ಚಟ ಮಾತ್ರ ಬಿಡಲಿಲ್ಲ. ಹುಕ್ಕೇರಿ ಸಂತೆಯ ದಿನ ಸೇರಿದರೆಂದರೆ ಇಬ್ಬರಿಗೂ ಒಂದೇ ಸೂಜಿ.

ಕೊನೆಗೆ ಹಣಮವ್ವನೇ ಆಸ್ಪತ್ರೆಯಲ್ಲಿ ಸಲಹೆ ಹೇಳುವ ದೀಪಾಳನ್ನು ಮನೆಗೆ ಕರೆದಳು. ದೀಪಾ ಕಂಬಳಿಯ ಮೇಲೆ ಕುಳಿತು ಚಹಾ ಕುಡಿದಳು.

"ನನಗ ಬೈಯಾಕ ಬಂದೀರೇನ್ರಿ ಅಕ್ಕಾರ?" ಎಂದ ಮುತ್ತಪ್ಪ.

"ಬೈಯಾಕ ಊರ ತುಂಬ ಮಂದಿ ಅದಾರ, ನಾ ಯಾಕ ಬೈಲಿ? ಒಂದ ಮಾತು ಕೇಳ್ತೇನಿ. ಈಗೂ ಸಿದ್ರಾಯನ ಜೋಡಿ ಒಂದ ಸೂಜಿ ಹಂಚ್ಕೋತೀರೇನು?"

"ಹೂಂನ್ರಿ. ಅವಗೂ ಅದ ರೋಗ, ನನಗೂ ಅದ ರೋಗ. ನನ್ನಿಂದ ಅವಗ ಹೊಸಾದೇನ ಹೋಗತೈತಿ? ಮುಳುಗಿದಾವಗ ಚಳಿ ಏನು, ಮಳಿ ಏನು?"

ಕೇಳಿದವರಿಗೆ ಹೌದೆನಿಸುವ ಮಾತು. ಆದರೆ ಪೂರಾ ತಪ್ಪು.

ದೀಪಾ ತಾಯಿಯ ಕಡೆ ತಿರುಗಿದಳು. "ಹಣಮವ್ವಾರ, ನಿಮ್ಮ ಕುರಿ ಎಲ್ಲಾ ಒಂದ ತಳಿ ಏನ್ರಿ?"

"ಎಲ್ಲಿ ಒಂದ ತಳೀವ! ಕರಿ ದಖನಿ ಅದಾವ, ಎಳಗಾ ಅದಾವ. ಎರಡೂ ಕೂಡಿದ್ರ ಬೆರಕಿ ಮರಿ ಹುಟ್ಟತಾವ."

"ಎಚ್‌ಐವಿ ವೈರಸ್‌ನ್ಯಾಗೂ ಹಂಗ ಬಾಳ ತಳಿ ಅದಾವ್ರಿ. ರೋಗದ ಹೆಸರು ಒಂದ, ಆದ್ರ ಒಬ್ಬೊಬ್ಬರ ರಕ್ತದಾಗ ಒಂದೊಂದು ನಮೂನಿ. ಒಂದ ಮೈಯಾಗ ಎರಡು ತಳಿ ಕೂಡಿದ್ರ ಬೆರಕಿ ತಳಿ ಹುಟ್ಟಬಹುದು. ಸೂಜಿ ಹಂಚ್ಕೊಂಡಷ್ಟೂ ಈ ತಳಿ ಎಲ್ಲಾ ಕಡೆ ಅಡ್ಡಾಡ್ತಾವ."

ಮುತ್ತಪ್ಪ ನಕ್ಕ. "ಯಾವ ತಳಿ ಆದ್ರೇನ್ರಿ, ಗುಳಿಗಿ ಐತೆಲ್ಲ?"

"ದಿನಾ ತಗೋತಿಯೇನ ತಮ್ಮಾ?"

ನಗು ನಿಂತಿತು. ಕುರಿ ಹಿಂಡಿನ ಹಿಂದೆ ದೂರ ಹೋಗಿದ್ದ ಮೂರು ತಿಂಗಳು ಅವನು ಗುಳಿಗೆ ನುಂಗಿದ್ದು ಅರ್ಧಂಬರ್ಧ.

"ಹಂಗ ನಡುನಡುವ ಬಿಟ್ರ, ಗುಳಿಗಿಗೆ ಬಗ್ಗದಂಥ ತಳಿ ಬೆಳಿಬಹುದು," ಎಂದಳು ದೀಪಾ. "ಬೆಳದೈತೋ ಇಲ್ಲೋ ಪರೀಕ್ಷಾ ಮಾಡಿಸೂಣು. ಬೆಳದಿದ್ರ ನಿನಗ ಬ್ಯಾರೆ ಗುಳಿಗಿ ಕೊಡ್ತಾರ. ಆದ್ರ ಆ ತಳಿ ಸೂಜಿ ಹಿಡದ ಸಿದ್ರಾಯನ ಮೈಗೆ ಹೋದ್ರ? ಇವತ್ತ ಅವಗ ನಾಟೂ ಗುಳಿಗಿ ನಾಳೆ ನಾಟೂದಿಲ್ಲ."

ಮುತ್ತಪ್ಪನಿಗೆ ಸಿದ್ರಾಯನ ಮನೆ ಕಣ್ಣ ಮುಂದೆ ಬಂತು. ಸಿದ್ರಾಯನ ಹೆಂಡತಿ ಕಾಜಲ್‌ಗೆ ಈಗ ಏಳು ತಿಂಗಳು. ಅವಳಿಗೆ ರೋಗ ಹತ್ತಿಲ್ಲ. ಸಿದ್ರಾಯ ಒಂದು ದಿನವೂ ಗುಳಿಗೆ ತಪ್ಪಿಸದೆ, ರೋಗವನ್ನು ಹತೋಟಿಯಲ್ಲಿಟ್ಟು ಅವಳನ್ನೂ ಹೊಟ್ಟೆಯ ಕೂಸನ್ನೂ ಕಾಯ್ದುಕೊಂಡು ಬಂದಿದ್ದ.

"ಯವ್ವಾ, ನಾ ಅವನ ಮನಿ ಹಾಳ ಮಾಡ್ತಿದ್ನೆಲ್ಲ!" ಎಂದು ಮುತ್ತಪ್ಪ ಅತ್ತುಬಿಟ್ಟ.

ಹಣಮವ್ವ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಅವಳಿಗೂ ಅಳು ತಡೆಯಲಾಗಲಿಲ್ಲ. "ಅಳಬ್ಯಾಡೋ ನನ್ನಪ್ಪಾ. ದೀಪವ್ವಾ, ಈ ಚಟಕ್ಕ ಮದ್ದ ಇಲ್ಲೇನ?"

"ಐತ್ರಿ. ಚಟ ಅಂದ್ರ ಅದೂ ಒಂದ ಬ್ಯಾನಿನ. ಬಿಡಸಾಕ ಔಷಧ ಐತಿ, ಒಂದ ದಿನದಾಗ ಬಿಡೂದಲ್ಲ. ಅಲ್ಲೀಮಟ ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟಬಾರದು."

ಮುತ್ತಪ್ಪ ಕಣ್ಣೊರೆಸಿಕೊಂಡು ಅಲ್ಲೇ ಫೋನ್ ಹಚ್ಚಿದ. "ಸಿದ್ರಾಯ, ಇನ್ನ ಮ್ಯಾಲೆ ಒಂದ ಸೂಜಿ ಬ್ಯಾಡಲೇ. ನಾ ಗುಳಿಗಿ ತಪ್ಪಿಸೇನಿ, ನಿನ್ನ ಮುಂದ ಹೇಳಿರಲಿಲ್ಲ. ನಾಳೆ ದವಾಖಾನಿಗೆ ಬಾ, ಇಬ್ಬರೂ ಪರೀಕ್ಷಾ ಮಾಡಿಸೂಣು."

ಆ ಕಡೆಯಿಂದ ಸಿದ್ರಾಯ, "ಬರ್ತೇನಿ. ಕಾಜಲ್‌ನೂ ಕರಕೊಂಡ ಬರ್ತೇನಿ," ಎಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಓಣಿಯಲ್ಲೂ ಒಬ್ಬ ಮುತ್ತಪ್ಪ ಇರಬಹುದು. ಅವನನ್ನು ಹೊರಗೆ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಐವಿ ಮೊದಲೇ ಇದ್ದರೂ ಸೂಜಿ ಹಂಚಿಕೊಳ್ಳಬೇಡಿ, ಗುಳಿಗೆ ತಪ್ಪಿಸಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಗೆಳೆಯನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಅವರ ಸಲುವಾಗಿ ಇವತ್ತೇ ಮಾಡಿ.