ಎರಡು ಗಡಿಗೆ, ಒಂದು ಸಾಲು

ನನ್ನ ಕೆಮ್ಮಿಗೆ ನಲವತ್ತು ವರ್ಷ. ಬನಹಟ್ಟಿಯ ನಮ್ಮ ಶೆಡ್ಡಿನಲ್ಲಿ ಮಗ್ಗ ಓಡುವಷ್ಟು ಹೊತ್ತೂ ಹತ್ತಿಯ ಧೂಳು ಹಾರುತ್ತದೆ, ಅದನ್ನು ನುಂಗುತ್ತಲೇ ಬದುಕಿದವರು ನಾವು. ಕೆಮ್ಮದ ನೇಕಾರನನ್ನು ನಾನು ನಂಬುವುದಿಲ್ಲ. ಅವನು ಮೈಗಳ್ಳನೇ ಇರಬೇಕು.

ಇಂಥ ನಮ್ಮನ್ನೇ ಹುಡುಕಿಕೊಂಡು ಬಂದಳು ಪೂರ್ಣಿಮಾ, ನನ್ನ ಅಣ್ಣನ ಮಗಳು. ಜಮಖಂಡಿಯ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಾಳೆ. ಅಮೃತಬಳ್ಳಿ, ನೆಲನೆಲ್ಲಿಯೊಳಗಿನ ಯಾವುದೋ ಸತ್ವ ಧೂಳಿನಿಂದ ಶ್ವಾಸಕೋಶವನ್ನು ಕಾಯುತ್ತದೋ ಇಲ್ಲವೋ ಎಂದು ತೋರಿಸಬೇಕಿತ್ತು. ಮೂರು ವರ್ಷ ಗಿಡಗಳ ರಸ ಸೋಸಿದವಳಿಗೆ ಉಳಿದದ್ದು ಮನುಷ್ಯರ ಮೇಲಿನ ಪರೀಕ್ಷೆಯೊಂದೇ. ಅದು ಕೆಟ್ಟರೆ ಮೂರು ವರ್ಷದ ದುಡಿಮೆ ಮಣ್ಣುಪಾಲು.

"ಇಪ್ಪತ್ತ ಮಂದಿ ಕೆಮ್ಮೋರು ಬೇಕು ಕಾಕಾ," ಎಂದಳು.

"ಇಪ್ಪತ್ತ ಯಾಕ, ಇಡೀ ಓಣಿನ ತೊಗೋ."

ಹತ್ತು ಮಂದಿಗೆ ಕೆಂಪು ಗಡಿಗೆಯ ಕಷಾಯ, ಹತ್ತು ಮಂದಿಗೆ ಕರೀ ಗಡಿಗೆಯದು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಬೆಲ್ಲ, ಮೆಂತ್ಯೆಯ ನೀರು. ಯಾವುದು ಯಾವುದೆಂದು ಪೂರ್ಣಿಮಾಗೆ ಮಾತ್ರ ಗೊತ್ತು. ನಾವೆಲ್ಲ ಹಿಂದೆ ಮುಂದೆ ನೋಡದೆ ಸಹಿ ಹಾಕಿದೆವು. ಏಕೆಂದರೆ ಬೆಲ್ಲದ ನೀರು ಪಕ್ಕದವನ ಪಾಲಿಗೆ ಬಂದಿದೆ ಎಂದು ಇಪ್ಪತ್ತೂ ಜನರಿಗೆ ಖಾತ್ರಿಯಿತ್ತು. ಪಕ್ಕದ ಮನೆಯ ಪ್ರಭುಲಿಂಗನನ್ನು ಕಂಡರೆ ನನಗೆ ಮರುಕ. ನನ್ನನ್ನು ಕಂಡರೆ ಅವನಿಗೆ.

ದಿನಾ ಬೆಳಿಗ್ಗೆ ಮಗ್ಗ ಚಾಲೂ ಮಾಡುವ ಮೊದಲು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದೆವು. ಪೂರ್ಣಿಮಾ ಕೊಟ್ಟುಹೋದ ಪುಡಿಗಳನ್ನು ಕುದಿಸಿ, ನನ್ನ ಹೆಂಡತಿ ಸಾವಕ್ಕ ಎರಡು ಗಡಿಗೆ ಹಿಡಿದು ನೀಡುವಳು. ವಾರಕ್ಕೊಮ್ಮೆ ಪೂರ್ಣಿಮಾ ಬಂದು, ಒಂದು ಕೊಳವೆಯೊಳಗೆ ಊದಿಸಿ ಉಸಿರು ಅಳೆಯುವಳು.

ಎರಡು ತಿಂಗಳಾದ ಮೇಲೆ ಲೆಕ್ಕ ನೋಡಿದಳು. ಇಪ್ಪತ್ತೂ ಜನರ ಉಸಿರು ಸುಧಾರಿಸಿತ್ತು. ನಾವು ಹಿಗ್ಗಿದೆವು. ಹುಡುಗಿಯ ಮುಖ ಮಾತ್ರ ಸುಣ್ಣವಾಯಿತು.

"ಎಲ್ಲಾರೂ ಆರಾಮ ಆದ್ರಲ್ಲ, ಮಾರಿ ಯಾಕ ಸಣ್ಣ ಮಾಡ್ತಿ?"

"ಎಲ್ಲಾರೂ ಆಗಬಾರದಿತ್ತು ಕಾಕಾ."

ಸಾವಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. "ಒಂದ ಸಾಲಿನ್ಯಾಗ ಕುಂತವರಿಗೆ ಬ್ಯಾರೆ ಬ್ಯಾರೆ ನೀಡಾಕ ನನ್ನ ಕೈಲೆ ಆಗಲಿಲ್ಲವ್ವಾ. ಪಂಕ್ತಿಭೇದ ಮಾಡಿದ್ರ ಪಾಪ ಹತ್ತತೈತಿ. ಮೊದಲನೇ ದಿನದಿಂದ ಎರಡೂ ಪುಡಿ ಕೂಡಿಸೇ ಕುದಿಸೀನಿ. ಗಡಗಿ ಅಷ್ಟ ಬ್ಯಾರೆ."

ಪೂರ್ಣಿಮಾ ಕಂಬಕ್ಕೊರಗಿ ಕುಳಿತು ಅತ್ತಳು. ಹೆಂಡತಿಯನ್ನು ಬಯ್ಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು:

"ನಿಮ್ಮ ಕಾಕಾಗ ಯಾವುದು ಬಂದಿತ್ತ?"

ಪೂರ್ಣಿಮಾ ನೆಲ ನೋಡಿದಳು. "ಬೆಲ್ಲದ ನೀರು. ಚೀಟಿ ಎತ್ತಿದಾಗ ಹಂಗ ಬಂತು."

ನನ್ನ ಸಿಟ್ಟು ನೆತ್ತಿಗೇರಿತು. ನಾನೇ ಎತ್ತಿ ಆಡಿಸಿದ ಕೂಸು. "ಚೀಟಿ ಬದಲಿ ಮಾಡಾಕ ಬರತಿರಲಿಲ್ಲೇನು?"

"ಬದಲಿ ಮಾಡಿದ್ರ ಖರೆ ಯಾವುದಂತ ಯಾರಿಗೂ ತಿಳೀತಿರಲಿಲ್ಲ ಕಾಕಾ. ನಿನಗೂ ತಿಳೀತಿರಲಿಲ್ಲ."

ಇವಳಪ್ಪ ನೇಯ್ದ ಸೀರೆಯಲ್ಲಿ ಒಂದೆಳೆ ತಪ್ಪಿದ್ದಕ್ಕೆ ಇಡೀ ಸೀರೆಯನ್ನೇ ಬದಿಗಿಟ್ಟವನು ನಾನು. ಒಡಹುಟ್ಟಿದವನೆಂದು ಬಿಟ್ಟಿರಲಿಲ್ಲ. ಹುಡುಗಿ ನಮ್ಮ ಮನೆತನದವಳೇ ಎಂದು ಒಳಗೊಳಗೇ ಹೆಮ್ಮೆಯಾಯಿತು, ಹೊರಗೆ ತೋರಿಸಲಿಲ್ಲ.

"ನಿಮ್ಮ ಸರ್ ಇನ್ನೆರಡ ತಿಂಗಳ ಟೈಮ್ ಕೊಡತಾರೇನು?"

"ಕೇಳಿದ್ರ ಕೊಡತಾರ."

"ಹಂಗಾದ್ರ ಮೊದಲಿಂದ ಮಾಡು. ಒಂದ ಸಾಲು ನಮ್ಮನ್ಯಾಗ, ಒಂದ ಸಾಲು ಪ್ರಭುಲಿಂಗನ ಮನ್ಯಾಗ. ಹೊಸಾ ಚೀಟಿ ಎತ್ತು. ನಂದೂ ಹಾಕು."

ಪೂರ್ಣಿಮಾ ತಲೆಯೆತ್ತಿದಳು. "ಮತ್ತ ಬೆಲ್ಲದ ನೀರ ಬಂದ್ರ?"

"ಬಂದ್ರ ಕುಡೀತೀನಿ."

ಸಾವಕ್ಕ ಹೊಸ್ತಿಲು ದಾಟಿ ಬಂದು ನಮ್ಮಿಬ್ಬರ ನಡುವೆ ಕುಳಿತಳು. "ನಂದೊಂದ ಮಾತೈತಿ. ಪರೀಕ್ಷೆ ಮುಗದ ಮ್ಯಾಲ ಯಾವ ಗಡಗಿ ಗೆಲ್ಲತೈತಿ, ಅದನ್ನ ಇಪ್ಪತ್ತೂ ಮಂದಿನ ಒಂದ ಸಾಲಿನ್ಯಾಗ ಕುಂಡ್ರಿಸಿ ನೀಡಬೇಕು. ಅಲ್ಲೀತನಕ ನಾ ಕಣ್ಣ ಮುಚಗೊಂಡಿರತೀನಿ. ಇಲ್ಲಂದ್ರ ಇವರನ್ನ ಕುಂಡ್ರಸಂಗಿಲ್ಲ."

ಪೂರ್ಣಿಮಾ ಕಣ್ಣೊರೆಸಿಕೊಂಡು ಹೊಸ ಒಪ್ಪಿಗೆ ಪತ್ರ ತೆಗೆದಳು. ಅಚ್ಚಾದ ಸಾಲುಗಳ ಕೆಳಗೆ ಆ ಮಾತನ್ನು ಪೆನ್ನಿನಿಂದ ಬರೆದಳು. ಸಾವಕ್ಕನಿಗೆ ಓದು ಬಾರದು. ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಪೆನ್ನನ್ನು ನನ್ನ ಕೈಗಿತ್ತಳು.

"ಈಗ ಹಾಕ್ರಿ ಸಹಿ."