ನಾಲ್ಕನೆಯ ಪೈಪು

ಒಂದು ಗೇಣು ಕಬ್ಬಿಣದ ಪೈಪು, ಎರಡು ಮುಚ್ಚಳ, ಒಂದು ರಬ್ಬರ್ ಉಂಗುರ: ಎಲ್ಲ ಸೇರಿ ಎರಡು ಊಟದ ಬೆಲೆ. ತುದಿಗಳಿಗೆ ತಿರುಪು ಕೊರೆಯಲು ಗಡಿಯಾರ ರಿಪೇರಿಯವನ ಹನ್ನೊಂದು ಸಂಜೆ. ಅದರ ಮೇಲೆ ಇವತ್ತು ಅಂಗಡಿ ಬಾಗಿಲು ಹಾಕಿದ ಒಂದು ದಿನ.

ಫೋನ್ ತೋರಿಸಿದ ಜಾಗಕ್ಕೆ ಹೋಗಿ, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುವ ಆಟಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರೆ. ಗ್ರಂಥಾಲಯದ ಹಿಂಗೋಡೆಯಲ್ಲಿದ್ದ ಮೂರು ನೀರಿನ ಪೈಪುಗಳ ಪಕ್ಕ ಗಡಿಯಾರದವನು ತನ್ನ ನಾಲ್ಕನೆಯದನ್ನು ಅದೇ ಬಣ್ಣ ಬಳಿದು ಕೂರಿಸಿದ್ದ. ಎರಡು ವರ್ಷದಲ್ಲಿ ನೂರ ಹನ್ನೆರಡು ಜನ ಅದನ್ನು ಪತ್ತೆ ಹಚ್ಚಿ, ಒಳಗಿನ ಸುರುಳಿಯಲ್ಲಿ ಹೆಸರು ಬರೆದಿದ್ದರು. 'ಈ ಕೈಗೆ ಶರಣು' ಎಂದೂ ಒಬ್ಬಾಕೆ ಬರೆದಿದ್ದಳು. ಅಂಗಡಿಯಲ್ಲಿ ಅವನನ್ನು 'ಯಾವಾಗ ಕೊಡ್ತೀರಿ' ಎಂದು ಕೇಳಿದವರೇ ಹೊರತು ಭೇಷ್ ಎಂದವರಿರಲಿಲ್ಲ.

ಈಗ ವಾರದಿಂದ ಆಟದವರದು 'ಸಿಗಲಿಲ್ಲ' ಎಂಬ ದೂರು. ಬಾಲ್ಯದ ಗೆಳೆಯ ಪ್ಲಂಬರನನ್ನು ಜೊತೆಗೆ ಕರೆದುಕೊಂಡು ಬೆಳಿಗ್ಗೆಯೇ ಹೋದ. ಗೋಡೆಯಲ್ಲಿ ಮೂರೇ ಪೈಪು.

"ಯಾವನೋ ಹೊತ್ಕೊಂಡು ಹೋಗಿದಾನೆ ಕಣೋ, ನನ್ನ ಡಬ್ಬೀನ."

"ಎಂಥ ಡಬ್ಬಿ?"

"ಅದನ್ನ ಹೇಳಬಾರದು. ಆಟದ ನಿಯಮ."

"ಡಬ್ಬಿ ಹೋದ್ರೂ ನಿಯಮ ಉಳೀತಲ್ಲ, ಸದ್ಯ."

ಗೆಳೆಯನದು ದೊಡ್ಡ ಬಾಯಿ, ದೊಡ್ಡ ಮನಸ್ಸು. ಕಾವಲುಗಾರನನ್ನು ಅವನೇ ದಬಾಯಿಸಿದ. ಗುಜರಿ ಅಂಗಡಿಯ ರಾಶಿಯನ್ನು ಇಬ್ಬರೂ ಮಂಡಿಯೂರಿ ಕೆದಕಿದರು, ಏನು ಹುಡುಕಬೇಕೆಂದು ಒಬ್ಬನಿಗೆ ಗೊತ್ತಿಲ್ಲದೆಯೇ. "ಇನ್ನೊಬ್ಬರ ಶ್ರಮ ಅಂದ್ರೆ ಇವರಿಗೆಲ್ಲ ಕಾಲಕಸ. ಅಂಥೋನ ಕೈ ಸೇದಿಹೋಗ," ಎಂದು ಗೆಳೆಯ ದಾರಿಯುದ್ದಕ್ಕೂ ಶಪಿಸಿದ. ಗಡಿಯಾರದವನ ಕಿವಿಗೆ ಅದು ಹಿತವಾಗಿತ್ತು.

ಸಂಜೆ ಗ್ರಂಥಾಲಯದ ಮೆಟ್ಟಿಲ ಮೇಲೆ ಸುಸ್ತಾಗಿ ಕೂತಾಗ ಗಡಿಯಾರದವನೇ ಬಾಯಿಬಿಟ್ಟ.

"ಇನ್ನೇನು ಮುಚ್ಚುಮರೆ. ಅದು ಪೈಪು ಕಣೋ. ಹಿಂದಿನ ಗೋಡೇಲಿ ನಾಲ್ಕನೇದು."

ಗೆಳೆಯ ಕುಡಿಯುತ್ತಿದ್ದ ನೀರಿನ ಬಾಟಲಿ ಕೆಳಗಿಟ್ಟ. ಅದರ ಮುಚ್ಚಳ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

"ಒಂದು ಗೇಣಿಂದಾ? ಎರಡೂ ಕಡೆ ಮುಚ್ಚಳ?"

"ನಿನಗೆ ಹೇಗೆ ಗೊತ್ತು?"

"ಹೋದ ವಾರ ಇಲ್ಲಿ ನಲ್ಲಿ ಕೆಲಸಕ್ಕೆ ಬಂದಿದ್ದೆ. ಪೈಪು ಒಂದು ತುಂಡು ಕಮ್ಮಿ ಬಿತ್ತು. ಇದು ಎಲ್ಲಿಂದಲೂ ಬರ್ತಿರಲಿಲ್ಲ, ಎಲ್ಲಿಗೂ ಹೋಗ್ತಿರಲಿಲ್ಲ. ಯಾವ ತಲೆಕೆಟ್ಟೋನು ಹಾಕಿದ್ನೋ ಅಂತ ಬಿಚ್ಚಿಕೊಂಡೆ."

"ಒಳಗೆ ಕಾಗದ ಇತ್ತಲ್ಲ."

"ಕಸ ಅಂತ ಚರಂಡಿಗೆ ಹಾಕಿದೆ."

ಗಡಿಯಾರದವನು ಎದ್ದು ನಿಂತ. "ಕಂಕುಳಲ್ಲಿ ಕಳ್ಳನ್ನ ಇಟ್ಕೊಂಡು ಊರೆಲ್ಲ ಹುಡುಕಿದೆನಲ್ಲ. ನೂರ ಹನ್ನೆರಡು ಜನ ಬಿಡಿಸಿ ಓದಿದ ಕಾಗದ ಅದು. ನೀನೊಬ್ಬ ಬಿಡಿಸಿ ಕೂಡ ನೋಡ್ಲಿಲ್ಲ. ಬೆಳಿಗ್ಗೆಯಿಂದ ಯಾರಿಗೆ ಶಾಪ ಹಾಕ್ತಿದ್ದೆ?"

"ನನಗೇ ಅನ್ಸುತ್ತೆ. ನೀನು ಬೆಳಿಗ್ಗೇನೇ ಪೈಪು ಅಂದಿದ್ರೆ ಅಷ್ಟು ಶಾಪ ಉಳೀತಿತ್ತು."

ಮಾತು ನಿಜವಾಗಿತ್ತು, ಅದಕ್ಕೇ ಸಿಟ್ಟು ಇನ್ನೂ ಏರಿತು.

ಗೆಳೆಯ ಅವನನ್ನು ಕೈತೊಳೆಯುವ ಕೋಣೆಗೆ ಎಳೆದೊಯ್ದು ನಲ್ಲಿ ತಿರುಗಿಸಿದ. ನಲ್ಲಿಗೆ ಜೋಡಿಸಿದ್ದ ಗಡಿಯಾರದವನ ಪೈಪಿನೊಳಗಿಂದ ನೀರು ಧೋ ಎಂದು ಬಂತು.

"ನೋಡು, ಎಂಥ ತಿರುಪು ಕೊರೆದಿದೀಯ ಮಾರಾಯ. ಒಂದು ಹನಿ ಸೋರಲ್ಲ."

ಕೊನೆಗೂ ಭೇಷ್ ಎನ್ನುವವನು ಸಿಕ್ಕಿದ್ದ, ಆದರೆ ಇವನು. ಗಡಿಯಾರದವನು ಗುಜರಿಯ ತುಕ್ಕು ಮೆತ್ತಿದ ಕೈಯನ್ನು ಆ ನೀರಲ್ಲಿ ತೊಳೆಯದೆಯೇ ಹೊರಟ.

ಹೋದದ್ದು ನೂರ ಹನ್ನೆರಡು ಹೆಸರು. ಬಂದದ್ದು ಸೋರದ ಒಂದು ನಲ್ಲಿ, ಅದೂ ಗ್ರಂಥಾಲಯಕ್ಕೆ.